ಪೋಸ್ಟಕ್ಕನ ತೂಕ

"ದಿನಾ ಒಂದರ್ಧ ಗಂಟೆ ನಡೀರಮ್ಮ," ಎಂದರು ಡಾಕ್ಟರು, ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ.

ಕುರ್ಚಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದ ಚೀಲವನ್ನು ಪೋಸ್ಟಕ್ಕ ಒಮ್ಮೆ ನೋಡಿದಳು. ಅದರಲ್ಲಿ ಇನ್ನೂ ಹಂಚಬೇಕಾದ ನಲವತ್ತು ಚಿಲ್ಲರೆ ಕಾಗದಗಳೂ ಸಹಿ ಹಾಕಿಸಿ ಕೊಡಬೇಕಾದ ಐದು ರಿಜಿಸ್ಟರುಗಳೂ ಎರಡು ಸಣ್ಣ ಪಾರ್ಸಲ್ಲುಗಳೂ ಇದ್ದವು. ಬೆಳಗಿನಿಂದ ಆಗಲೇ ಏಳು ಕಿಲೋಮೀಟರ್ ಕಾಲು ಸವೆಸಿ ಬಂದಿದ್ದಳು. ಇನ್ನು ಐದು ಬಾಕಿ ಇತ್ತು.

"ನಾನು ಪೋಸ್ಟ್ ಹಂಚೋಳು ಸಾರ್. ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೀತೀನಿ."

ಡಾಕ್ಟರು ಈಗ ತಲೆ ಎತ್ತಿದರು. ಸಮವಸ್ತ್ರ ನೋಡಿದರು, ಚೀಲ ನೋಡಿದರು. ಆದರೆ ಮೂವತ್ತು ವರ್ಷದ ಪ್ರಾಕ್ಟೀಸು ಅಷ್ಟಕ್ಕೆಲ್ಲ ಕೈ ಕೊಡುವುದಿಲ್ಲ.

"ಅದು ಕೆಲಸದ ನಡಿಗೆ. ಮೈಗೆ ಅದು ಅಭ್ಯಾಸ ಆಗಿಬಿಟ್ಟಿರುತ್ತೆ. ಬೇರೆ ಬಟ್ಟೆ ಹಾಕ್ಕೊಂಡು, ಕೈ ಬೀಸ್ಕೊಂಡು, ಮನಸ್ಸಿಟ್ಟು ನಡೀಬೇಕು. ಮತ್ತೆ ಸ್ವಲ್ಪ ಬಾಯಿ ಕಟ್ಟಿ."

ಹೊರಗೆ ಬಂದಾಗ ಪೋಸ್ಟಕ್ಕನಿಗೆ ನಗು ಬರಬೇಕಾಗಿತ್ತು. ಎರಡು ವರ್ಷದ ಹಿಂದೆ ಆಗಿದ್ದರೆ ರಸ್ತೆಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಈಗ ಮೈಯೆಲ್ಲ ಉರಿಯಿತು. ಮುಂದಿನ ಮೂರು ಮನೆಗಳ ಕಾಗದಗಳನ್ನು ಪೆಟ್ಟಿಗೆಯೊಳಕ್ಕೆ ಎಷ್ಟು ಜೋರಾಗಿ ತುರುಕಿದಳೆಂದರೆ ಮೂರನೆಯ ಮನೆಯ ನಾಯಿ ಬೊಗಳುವುದನ್ನು ಮರೆತು ಮೂಲೆಗೆ ಸರಿಯಿತು.

ಅವಳಿಗೆ ಮೂವತ್ತೆಂಟು. ಒಂದೇ ಬೀಟಿನಲ್ಲಿ, ಅವೇ ಬೀದಿಗಳಲ್ಲಿ, ಹದಿನಾಲ್ಕು ವರ್ಷ ಕಾಗದ ಹಂಚಿದ್ದಳು. ಯಾರ ಮನೆಗೆ ಯಾವ ತಿಂಗಳು ಯಾವ ನೋಟೀಸು ಬರುತ್ತದೆ, ಯಾವ ಕಟ್ಟಡದ ಯಾವ ಮೆಟ್ಟಿಲು ಸಡಿಲ, ಯಾರು ಬಾಗಿಲು ತೆರೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಎಲ್ಲ ಬಾಯಿಪಾಠ. ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವಳು. ಆಗ ಅವಳ ತೂಕ ಐವತ್ತಾರು. ಈಗ ಎಂಬತ್ತೊಂದು.

ಬಂದದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ. ಮೊದಲು ಮುಖ ತುಂಬಿಕೊಂಡಿತು. ಕೆನ್ನೆ ಕೆಂಪಾಗಿ ದುಂಡಗಾಯಿತು. ಬೀಟಿನ ಹೆಂಗಸರು "ಏನ್ ಪೋಸ್ಟಕ್ಕ, ಮುಖದಲ್ಲಿ ಒಳ್ಳೆ ಕಳೆ ಬಂದಿದೆ" ಅಂದಾಗ ಖುಷಿಯೇ ಆಗಿತ್ತು. ಆಮೇಲೆ ಹೊಟ್ಟೆ. ಆಮೇಲೆ ಕತ್ತಿನ ಹಿಂದೆ, ಭುಜಗಳ ನಡುವೆ, ದಿಂಬು ಇಟ್ಟ ಹಾಗೆ ಒಂದು ಉಬ್ಬು. ಸಮವಸ್ತ್ರದ ಉಗ್ರಾಣದವನು ಆರು ತಿಂಗಳಿಗೊಮ್ಮೆ ಒಂದೊಂದು ಸೈಜು ದೊಡ್ಡದು ಕೊಡುತ್ತ, ಮೂರನೆಯ ಸಲ "ಇನ್ನು ಮೇಲೆ ಇದ್ರ ಮುಂದಿನ ಸೈಜು ಹೊಲಿಸ್ಬೇಕಮ್ಮ, ನಮ್ಮಲ್ಲಿ ಬರಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ವಿಚಿತ್ರವೆಂದರೆ ಕೈಕಾಲು ದಪ್ಪಗಾಗಲಿಲ್ಲ. ಅವು ಇನ್ನಷ್ಟು ಸಣ್ಣಗಾದವು. ಅಂಗಿಯ ಹೊಟ್ಟೆ ಬಿಗಿ, ತೋಳು ಜೋಲು. ನಿದ್ದೆ ಬೆಳಗಿನ ಜಾವ ಮೂರಕ್ಕೇ ಹಾರಿಹೋಗುತ್ತಿತ್ತು. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಡಾಕ್ಟರು ಅದಕ್ಕೆ "ವಯಸ್ಸು" ಎಂದರು, ನಿದ್ದೆಗೆ "ಯೋಚನೆ" ಎಂದರು, ಏರಿದ ರಕ್ತದೊತ್ತಡಕ್ಕೆ "ತೂಕ" ಎಂದರು, ತೂಕಕ್ಕೆ "ಬಾಯಿ" ಎಂದರು.

ಬಾಯಿಯನ್ನಂತೂ ಅವಳು ಕಟ್ಟಿಯೇ ಇದ್ದಳು. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಮಧ್ಯಾಹ್ನ ಡಬ್ಬಿಯಲ್ಲಿ ಬೇಯಿಸಿದ ತರಕಾರಿ, ಸಂಜೆ ಸಕ್ಕರೆ ಇಲ್ಲದ ಟೀ. ಆದರೂ ಒಂದು ದಿನ ಅಡುಗೆಮನೆಯ ಬಿಸ್ಕತ್ತಿನ ಡಬ್ಬ ಬೀರುವಿನ ತಲೆಯ ಮೇಲೆ ಕಂಡಿತು. ಅವಳ ಕೈಗೆ ಎಟುಕದಷ್ಟು ಹಿಂದಕ್ಕೆ. ಇಟ್ಟವನು ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವನದು, ಮಾತು ಕಡಿಮೆ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ನೋಯಿಸಬಾರದೆಂದೇ ಬಾಯಿಬಿಟ್ಟು ಹೇಳದೆ ಡಬ್ಬ ಎತ್ತಿಟ್ಟಿದ್ದ.

"ನಾನು ತಿಂತಿದೀನಿ ಅಂತ ಅನ್ಕೊಂಡಿದೀರಾ?" ಎಂದು ಕೇಳಿದಳು.

"ಛೆ, ಇಲ್ಲಪ್ಪ. ಇರುವೆ ಬರ್ತಿತ್ತು ಅಂತ..."

ಇರುವೆಗಳಿಗೆ ಬೀರು ಹತ್ತುವುದು ಅಷ್ಟು ಕಷ್ಟವೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು. ಈಚೆಗೆ ಜಗಳ ಶುರುವಾದರೆ ನಿಲ್ಲಿಸುವುದು ಅವಳ ಕೈಲಿ ಇರುತ್ತಿರಲಿಲ್ಲ.

ಕೊನೆಗೆ ಅಕ್ಕ ಕಣಕ್ಕೆ ಇಳಿದಳು. ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಅಮ್ಮ ಸತ್ತಾಗ ಪೋಸ್ಟಕ್ಕನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ಅವತ್ತಿನಿಂದ ತಂಗಿಗೆ ತಟ್ಟೆ ಹಾಕಿದ್ದು, ಜಡೆ ಹಾಕಿದ್ದು, ಜ್ವರ ಬಂದಾಗ ಗದರಿದ್ದು ಎಲ್ಲ ಅವಳೇ. ಮದುವೆ ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳಲು ಪುರುಸೊತ್ತು ಆಗಲಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

"ಒಳಗೆ ಹೋಗಿದ್ದು ಜಾಸ್ತಿ, ಖರ್ಚಾಗಿದ್ದು ಕಮ್ಮಿ. ಇಷ್ಟೇ ಲೆಕ್ಕ," ಎಂದಳು ಅಕ್ಕ. "ರಜ ಬಂತು. ಎರಡು ವಾರ ನನ್ನ ಮನೇಲಿ ಇರು. ನಾನೇ ಮಾಡಿ ಬಡಿಸ್ತೀನಿ, ನಾನೇ ತೂಕ ನೋಡ್ತೀನಿ. ಹೇಗೆ ಇಳಿಯಲ್ಲ ನೋಡೋಣ."

ಪೋಸ್ಟಕ್ಕ ಖುಷಿಯಿಂದಲೇ ಹೋದಳು. ನಿಜ ಹೇಳಬೇಕೆಂದರೆ ಅವಳಿಗೂ ಒಬ್ಬ ಸಾಕ್ಷಿ ಬೇಕಾಗಿತ್ತು.

ಹದಿನಾಲ್ಕು ದಿನ ಅಕ್ಕ ಅಳೆದು ಬಡಿಸಿದಳು. ಅಡುಗೆಮನೆಗೆ ಬೀಗ ಹಾಕಲಿಲ್ಲ ಅಷ್ಟೇ. ಪೋಸ್ಟಕ್ಕ ಅಲ್ಲಿಂದಲೇ ಕೆಲಸಕ್ಕೆ ಹೋಗಿ ಬಂದಳು, ಬಡಿಸಿದ್ದನ್ನು ತಿಂದಳು, ಹಸಿವಾದಾಗ ನೀರು ಕುಡಿದಳು. ಹದಿನೈದನೆಯ ದಿನ ಬೆಳಿಗ್ಗೆ ತೂಕದ ಯಂತ್ರ ಹತ್ತಿದಳು. ಮುಳ್ಳು ಬಂದಾಗಿನದಕ್ಕಿಂತ ಒಂದು ಕಿಲೋ ಇನ್ನೂರು ಗ್ರಾಂ ಮುಂದೆ ನಿಂತಿತು.

ಅಕ್ಕ ಯಂತ್ರವನ್ನು ಗೋಡೆಯ ಪಕ್ಕ ಸರಿಸಿ ಮತ್ತೆ ಹತ್ತಿಸಿದಳು. ಮುಳ್ಳು ತೋರಿಸಿದ್ದು ಮತ್ತೆ ಅಷ್ಟೇ. ತಾನೂ ಹತ್ತಿ ನೋಡಿದಳು, ತನ್ನದು ಸರಿಯಾಗಿತ್ತು.

"ಬೀಟಿನಲ್ಲಿ ಯಾರ ಮನೇಲಿ ತಿಂತೀಯಾ?"

"ಏನು?"

"ಹದಿನಾಲ್ಕು ವರ್ಷದ ಪರಿಚಯದವರು. ಯಾರಾದ್ರೂ ಕರೆದು ಕೊಡ್ತಾರೆ, ನಿಂಗೆ ಬೇಡ ಅನ್ನೋಕಾಗಲ್ಲ. ಬೈಯಲ್ಲ ಕಣೆ. ಹೇಳಿಬಿಡು."

ಪೋಸ್ಟಕ್ಕ ತನ್ನ ಬಟ್ಟೆ ಜೋಡಿಸಲು ಒಳಗೆ ಹೋದಳು. ಮಂಚದ ಹಾಸಿಗೆಯ ಒಂದು ಮೂಲೆ ಮಡಚಿದಂತೆ ಎದ್ದಿತ್ತು, ಅಂಚೆ ಚೀಲದ ಒಳಜೇಬಿನ ಗುಂಡಿ ಬಿಚ್ಚಿತ್ತು. ಅಕ್ಕ ಹುಡುಕಿದ್ದಳು. ಪೋಸ್ಟಕ್ಕ ಒಂಬತ್ತು ವರ್ಷದವಳಾಗಿದ್ದಾಗಲೂ ಅಕ್ಕ ಅವಳ ಮಾತನ್ನು ಹೀಗೆ ಪರೀಕ್ಷೆ ಮಾಡಿದವಳಲ್ಲ.

"ನಾನು ಸತ್ತ ಮೇಲೆ ಹೊಟ್ಟೆ ಕೊಯ್ಸಿ ನೋಡು," ಎಂದು ಹೇಳಿ ಬಾಗಿಲು ಬಡಿದು ಹೊರಟಳು. ಆಮೇಲೆ ಅಕ್ಕತಂಗಿಯರಿಗೆ ಐದು ತಿಂಗಳು ಮಾತಿಲ್ಲ.

ಅವಳ ಬೀಟಿನಲ್ಲಿ ಲಿಫ್ಟಿಲ್ಲದ ಒಂದು ಹಳೆಯ ಕಟ್ಟಡವಿತ್ತು. ಅದರ ನಾಲ್ಕನೆಯ ಮಹಡಿಯಲ್ಲಿ ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮನೊಬ್ಬಳಿದ್ದಳು. ಅವಳಿಗೆ ತಿಂಗಳಿಗೊಂದು ರಿಜಿಸ್ಟರ್ ಬರುತ್ತಿತ್ತು, ಸಹಿ ಹಾಕಿಸಿಕೊಳ್ಳಬೇಕು. ಮೂರು ತಿಂಗಳಿಂದ ಆ ಮೆಟ್ಟಿಲು ಪೋಸ್ಟಕ್ಕನಿಗೆ ಬೆಟ್ಟವಾಗಿತ್ತು. ಉಸಿರು ಕಟ್ಟುತ್ತಿರಲಿಲ್ಲ, ತೊಡೆಗಳೇ ಏಳುತ್ತಿರಲಿಲ್ಲ. ಕಂಬಿ ಹಿಡಿದು ತೋಳಿನಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು.

ಅವತ್ತು ನರ್ಸಮ್ಮ ಅವಳ ಮುಖ ನೋಡಿ ಒಳಗೆ ಕರೆದು, ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು. ಲೋಟ ತೆಗೆದುಕೊಳ್ಳಲು ಚಾಚಿದ ಕೈಯಲ್ಲಿ ನೀಲಿಗಟ್ಟಿದ ಕಲೆಗಳು, ಒಂದಲ್ಲ, ನಾಲ್ಕೈದು.

"ಯಾರು ಹೊಡೀತಿರೋದು?" ಎಂದಳು ನರ್ಸಮ್ಮ, ನೇರವಾಗಿ.

"ಅಯ್ಯೋ, ಯಾರೂ ಇಲ್ಲಮ್ಮ! ನಮ್ಮನೆಯವರು ಸೊಳ್ಳೆ ಹೊಡೆಯೋಕೂ ಯೋಚನೆ ಮಾಡ್ತಾರೆ. ಬಾಗಿಲು ತಾಗಿದ್ರೂ ಹೀಗಾಗುತ್ತೆ ಈಗ."

ಹೋಗಲು ಏಳಬೇಕೆಂದರೆ ಏಳಲಾಗಲಿಲ್ಲ. ಎರಡು ಸಲ ಪ್ರಯತ್ನಪಟ್ಟಳು, ಮೂರನೆಯ ಸಲ ಮೇಜಿನ ಅಂಚು ಹಿಡಿದು ಎದ್ದಳು. ನರ್ಸಮ್ಮ ಕೈ ಕೊಡಲಿಲ್ಲ. ಸುಮ್ಮನೆ ನೋಡುತ್ತ ನಿಂತಿದ್ದಳು. ಆಮೇಲೆ ಸುತ್ತಿ ಬಂದು ಅವಳ ಕತ್ತಿನ ಹಿಂದಿನ ಉಬ್ಬನ್ನು ಎರಡು ಬೆರಳಿಂದ ಒತ್ತಿದಳು.

"ಹೊಟ್ಟೆ ಮೇಲೆ ಗೆರೆ ಇದ್ಯಾ? ಬಿಳೀದಲ್ಲ. ಅಗಲವಾಗಿ, ನೇರಳೆ ಬಣ್ಣದ್ದು?"

ಪೋಸ್ಟಕ್ಕ ಬೆಚ್ಚಿದಳು. ಆ ಗೆರೆಗಳನ್ನು ಅವಳು ಗಂಡನಿಗೂ ತೋರಿಸಿರಲಿಲ್ಲ. "ನಿಮಗೆ ಹೇಗೆ ಗೊತ್ತು?"

"ಸ್ಟೀರಾಯ್ಡ್ ಮಾತ್ರೆ, ಮುಲಾಮು, ಯಾರೋ ಕೊಟ್ಟ ಪುಡಿಗಿಡಿ ಏನಾದ್ರೂ ತಗೋತಿದೀಯಾ?"

"ಬಿ.ಪಿ. ಮಾತ್ರೆ ಬಿಟ್ರೆ ಏನೂ ಇಲ್ಲ."

ನರ್ಸಮ್ಮ ಅವಳನ್ನು ಈ ಸಲ ಎತ್ತರದ ಕುರ್ಚಿಯಲ್ಲಿ ಕೂರಿಸಿದಳು. ಪ್ರತಿ ಮೂತ್ರಪಿಂಡದ ನೆತ್ತಿಯ ಮೇಲೂ ಒಂದು ಪುಟ್ಟ ಗ್ರಂಥಿ ಟೋಪಿಯ ಹಾಗೆ ಕೂತಿರುತ್ತದೆ, ಅದು ಕಾರ್ಟಿಸಾಲ್ ಅನ್ನುವ ಹಾರ್ಮೋನು ಸುರಿಸುತ್ತದೆ, ಅದಿಲ್ಲದೆ ಮನುಷ್ಯ ಬದುಕುವುದಿಲ್ಲ, ಆದರೆ ಅತಿಯಾದರೆ ಮೈಯ ಗೃಹಕೃತ್ಯವೇ ತಲೆಕೆಳಗಾಗುತ್ತದೆ ಎಂದು ವಿವರಿಸಿದಳು. "ತೋಳಿನ ಮಾಂಸ, ತೊಡೆ ಮಾಂಸ ಕರಗುತ್ತೆ. ಕೊಬ್ಬು ಹೊಟ್ಟೆ ಮೇಲೆ, ಮುಖದ ಮೇಲೆ, ಬೆನ್ನ ಮೇಲೆ ಕೂರುತ್ತೆ. ಚರ್ಮ ತೆಳ್ಳಗಾಗುತ್ತೆ. ಬಿ.ಪಿ. ಏರುತ್ತೆ, ನಿದ್ದೆ ಹಾರುತ್ತೆ, ಸಿಟ್ಟು ಮೂಗಿನ ತುದೀಲೇ ಇರುತ್ತೆ. ಅದೇ ಅಂತ ನಾನು ಹೇಳಲ್ಲ, ನಾನು ಡಾಕ್ಟರಲ್ಲ. ಆದ್ರೆ ಪರೀಕ್ಷೆ ಮಾಡಿಸದೆ ಬಿಡಬೇಡ. ಉಪವಾಸ ಮಾಡಿದ್ರೆ ಇಳಿಯೋ ತೂಕ ಅಲ್ಲ ಇದು."

ಪೋಸ್ಟಕ್ಕ ಹೊರಗೆ ಬಂದು ಆ ಮೆಟ್ಟಿಲಲ್ಲೇ ಕೂತು ಅತ್ತಳು. ಇಳಿಯುತ್ತಿದ್ದವರೊಬ್ಬರು ಯಾರಿಗೆ ಏನಾಯಿತೋ ಎಂದು ಗಾಬರಿಯಾಗಿ ತಮ್ಮ ಕಾಗದ ಕೇಳದೆಯೇ ಹೋದರು.

ಮರುದಿನ ಅವಳು ಡಾಕ್ಟರ ಎದುರು ಕೂತು ಅಷ್ಟನ್ನೂ ಒಪ್ಪಿಸಿದಳು.

"ಯಾರು ಹೇಳಿದ್ದು ಇದೆಲ್ಲ?"

"ನಮ್ಮ ಬೀಟಿನಲ್ಲಿ ಒಬ್ರು ನರ್ಸಮ್ಮ."

"ನೋಡಮ್ಮ, ಅದು ಲಕ್ಷಕ್ಕೆ ಒಬ್ಬರಿಗೆ ಬರೋ ಕಾಯಿಲೆ. ನಿಮಗೇ ಯಾಕೆ ಬರಬೇಕು?"

"ಆ ಒಬ್ಬರು ಯಾರಾದ್ರೂ ಆಗಲೇಬೇಕಲ್ಲ ಸಾರ್."

ಡಾಕ್ಟರು ನಕ್ಕು, ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು. ಪೋಸ್ಟಕ್ಕ ಏಳಲಿಲ್ಲ. ಏಳಲು ಕಷ್ಟವೂ ಆಗುತ್ತಿತ್ತು, ಏಳಬಾರದೆಂದೂ ತೀರ್ಮಾನಿಸಿದ್ದಳು. "ದೊಡ್ಡಾಸ್ಪತ್ರೆಗೆ ಒಂದು ಚೀಟಿ ಬರೆದುಕೊಡಿ. ಕಾಯಿಲೆ ಇಲ್ಲ ಅಂತ ಗೊತ್ತಾದ್ರೆ ನಾನೇ ಬಂದು ನಿಮ್ಮ ಕಾಲಿಗೆ ಬೀಳ್ತೀನಿ. ಬರೆಯೋವರೆಗೂ ಇಲ್ಲೇ ಇರ್ತೀನಿ." ಬಾಗಿಲ ಸಂದಿಯಿಂದ ಕಾಯುತ್ತಿದ್ದವರ ಮುಖಗಳು ಇಣುಕಿದವು. ಅರ್ಧಕ್ಕರ್ಧ ಅವಳದೇ ಬೀಟಿನವರು. "ಏನ್ ಪೋಸ್ಟಕ್ಕ, ಇನ್ನೂ ಆಗ್ಲಿಲ್ವಾ?" ಎಂದು ಯಾರೋ ಕೂಗಿದರು. "ಡಾಕ್ಟರು ಒಂದು ಕಾಗದ ಬರೀಬೇಕು, ಅದಕ್ಕೇ ಕಾಯ್ತಿದೀನಿ," ಎಂದು ಇವಳೂ ಕೂಗಿದಳು. ಡಾಕ್ಟರು ಹಲ್ಲು ಕಚ್ಚಿಕೊಂಡು ಬರೆದರು.

ದೊಡ್ಡಾಸ್ಪತ್ರೆಯಲ್ಲಿ ಸರದಿ ಸಿಕ್ಕಿದ್ದು ಎರಡು ತಿಂಗಳ ನಂತರ. ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಅವಳ ಬೀಟು ಕಿತ್ತುಕೊಂಡರು. ಹಾಗೆ ಹೇಳಲಿಲ್ಲ, "ಸ್ವಲ್ಪ ದಿನ ಕೌಂಟರಲ್ಲಿ ಕೂತ್ಕೊಳಿ, ನಿಮಗೂ ವಿಶ್ರಾಂತಿ" ಎಂದರು. ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿದ್ದ ಬೀಟು ನಾಲ್ಕೂವರೆಗೂ ಮುಗಿಯುತ್ತಿಲ್ಲ ಎಂಬ ದೂರು ಹೋಗಿತ್ತು. ಗಾಜಿನ ಹಿಂದೆ ಕೂತು ಸ್ಟಾಂಪು ಕೊಡುವುದು ಅವಳಿಗೆ ಜೈಲಿನಂತಾಯಿತು.

ಸರದಿಯ ದಿನ ಗಂಡನೂ ರಜ ಹಾಕಿ ಬಂದ. ಮೂರು ಗಂಟೆ ಕಾದ ಮೇಲೆ ಬಿಳಿ ಕೋಟಿನ ಒಬ್ಬಳು ಚಿಕ್ಕ ವಯಸ್ಸಿನವಳು ಬಂದು, ತೂಕ ನೋಡಿ, ನಗುನಗುತ್ತ ಅಚ್ಚು ಹಾಕಿದ ಹಾಳೆಯೊಂದನ್ನು ಕೈಗಿಟ್ಟಳು. ಏನು ತಿನ್ನಬೇಕು, ಏನು ತಿನ್ನಬಾರದು. ಕೆಳಗೆ ದಪ್ಪಕ್ಷರದಲ್ಲಿ, ದಿನಕ್ಕೆ ಮೂವತ್ತು ನಿಮಿಷ ನಡಿಗೆ.

"ಇಷ್ಟಕ್ಕಾ ಎರಡು ತಿಂಗಳು ಕಾದಿದ್ದು?" ಪೋಸ್ಟಕ್ಕನ ದನಿ ಕಾರಿಡಾರಿನ ಆ ತುದಿಗೆ ಕೇಳಿಸಿತು.

"ಸುಮ್ಮನಿರೇ, ಎಲ್ಲಾ ನೋಡ್ತಿದಾರೆ," ಎಂದ ಗಂಡ.

"ನೋಡ್ಲಿ! ಎರಡು ವರ್ಷದಿಂದ ಎಲ್ಲಾ ನೋಡ್ತಾನೇ ಇದಾರೆ. ಒಬ್ಬರಿಗೂ ಏನೂ ಕಾಣಿಸಿಲ್ಲ!"

ಆ ಗದ್ದಲಕ್ಕೆ ಒಳಗಿನಿಂದ ಹಾರ್ಮೋನ್ ಡಾಕ್ಟರೇ ಹೊರಗೆ ಬಂದರು. ತೆಳ್ಳಗಿನ, ದಣಿದ ಮುಖದ ಹೆಂಗಸು. ಬೈಯಲು ಬಂದವರು ಬೈಯದೆ ಪೋಸ್ಟಕ್ಕನ ಮುಖವನ್ನೇ ನೋಡಿದರು. ಆಮೇಲೆ ಅವಳ ಕೊರಳಿಗೆ ನೇತುಹಾಕಿದ್ದ ಕೆಲಸದ ಗುರುತಿನ ಚೀಟಿಯನ್ನು ಎತ್ತಿ ಹಿಡಿದು, ಅದರಲ್ಲಿದ್ದ ನಾಲ್ಕು ವರ್ಷದ ಹಿಂದಿನ ಫೋಟೋ ನೋಡಿದರು.

"ಇದು ನೀವೇನಾ?"

"ನಾನೇ."

"ಒಳಗೆ ಬನ್ನಿ."

ಪರೀಕ್ಷೆಗಳು ಶುರುವಾದವು. ರಕ್ತ, ಎಂಜಲು, ಎಲ್ಲಕ್ಕಿಂತ ದೊಡ್ಡ ಫಜೀತಿಯೆಂದರೆ ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಐದು ಲೀಟರಿನ ಕ್ಯಾನಿನಲ್ಲಿ ಹಿಡಿಯುವುದು, ತಣ್ಣಗಿಡುವುದು. ರಜ ಕೇಳಿದರೆ ಪೋಸ್ಟ್‌ಮಾಸ್ಟರು, ಈ ವಾರ ಆಗಲೇ ಇಬ್ಬರು ರಜದಲ್ಲಿದ್ದಾರೆ ಎಂದರು. ಪೋಸ್ಟಕ್ಕ ಕ್ಯಾನಿಗೆ ವೃತ್ತಪತ್ರಿಕೆ ಸುತ್ತಿ, ದಾರ ಕಟ್ಟಿ, ಆಫೀಸಿನ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟಳು. ಹನ್ನೊಂದು ಗಂಟೆಗೆ ಪಾರ್ಸಲ್ ವಿಭಾಗದವನು ಬಂದು ಕೇಳಿದ: "ಏನಕ್ಕ ಅದು, ಜ್ಯೂಸಾ? ಒಂದು ಲೋಟ ಕೊಡ್ಬಾರ್ದಾ?"

"ಮುಟ್ಟಿದ್ರೆ ಕೈ ಮುರೀತೀನಿ."

ಅವನು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದ. ಅವಳು ಜಿಪುಣಿಯೂ ಆದಳು ಎಂದು ಆಫೀಸಿಗೆಲ್ಲ ಸುದ್ದಿಯಾಯಿತು.

ಫಲಿತಾಂಶ ಬಂತು. ಕಾರ್ಟಿಸಾಲ್ ಇರಬೇಕಾದ್ದಕ್ಕಿಂತ ಆರು ಪಟ್ಟು. ಸ್ಕ್ಯಾನಿನಲ್ಲಿ ಎಡಗಡೆಯ ಗ್ರಂಥಿಯ ಮೇಲೆ ದೊಡ್ಡ ಗೋಲಿಯಷ್ಟು ಗಡ್ಡೆ. ಕ್ಯಾನ್ಸರಿನಂತೆ ಕಾಣುವುದಿಲ್ಲ, ತೆಗೆದುಬಿಟ್ಟರೆ ಆಯಿತು ಎಂದರು ಡಾಕ್ಟರು.

ಬಸ್ಸಿನಲ್ಲಿ ಗಂಡ ಅವಳ ಕೈ ಹಿಡಿದುಕೊಂಡ. "ಸದ್ಯ, ಕಾರಣ ಸಿಕ್ತಲ್ಲ."

"ಕಾರಣ ಸಿಕ್ತು ಅಂತ ಈಗ ನನ್ನ ನಂಬ್ತಿದೀರ," ಎಂದಳು ಅವಳು, ಕಿಟಕಿಯಾಚೆ ನೋಡುತ್ತ. "ಸಿಗದೇ ಇದ್ದಿದ್ರೆ?"

ಮನೆ ಬರುವವರೆಗೂ ಅವನು ಕೈ ಬಿಡಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಗಡ್ಡೆ ಹೋದರೆ ಮರುದಿನವೇ ಹಗುರಾಗಿ ಎದ್ದು ನಡೆಯುತ್ತೇನೆ ಎಂದು ಪೋಸ್ಟಕ್ಕ ಒಳಗೊಳಗೇ ನಂಬಿದ್ದಳು. ಆದದ್ದು ಬೇರೆ. ಎಡಗಡೆಯದು ಇಷ್ಟು ವರ್ಷ ಒಂದೇ ಸಮನೆ ಸುರಿಸುತ್ತಿದ್ದುದರಿಂದ ಬಲಗಡೆಯ ಗ್ರಂಥಿ ಕೆಲಸವನ್ನೇ ಮರೆತು ಮಲಗಿಬಿಟ್ಟಿತ್ತು. ಅದು ಏಳುವವರೆಗೆ ಆ ಹಾರ್ಮೋನನ್ನೇ ಮಾತ್ರೆಯಲ್ಲಿ ನುಂಗಬೇಕು, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಮೈಕೈಯೆಲ್ಲ ಯಾರೋ ಬಡಿದು ಹಾಕಿದಂತೆ ನೋವು. ಬಚ್ಚಲಿಗೆ ಹೋಗಿ ಬಂದರೆ ಅರ್ಧ ಗಂಟೆ ಮಲಗಬೇಕು. ತೂಕ ಮೊದಲ ತಿಂಗಳು ಅರ್ಧ ಕಿಲೋ ಕೂಡ ಇಳಿಯಲಿಲ್ಲ. ನೋಡಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ಆಪರೇಷನ್ ಆಯ್ತಲ್ಲ, ಇನ್ನೂ ಸಣ್ಣ ಆಗ್ಲಿಲ್ವಾ?"

ಮೂರನೆಯ ವಾರ ಅಕ್ಕ ಬಂದಳು. ಗಂಡನೇ ಹೇಳಿಕಳಿಸಿರಬೇಕು. ಬಂದವಳು ಹೇಗಿದ್ದೀಯ ಎಂದು ಕೇಳಲಿಲ್ಲ. ಬಂದದ್ದೇ ದಿಂಬು ಕೊಡವಿದಳು, ಒಣಗಿದ ಬಟ್ಟೆ ಮಡಚಿದಳು, ಕಿಟಕಿ ತೆರೆದು ಗಾಳಿ ಸಾಲದೆಂದು ತಂಗಿಯ ಗಂಡನಿಗೆ ಗದರಿದಳು. ಅವನು ಅಂಗಡಿಗೆ ಹೊತ್ತಾಯಿತೆಂದು ತಪ್ಪಿಸಿಕೊಂಡ. ಆಮೇಲೆ ಮಂಚದ ತುದಿಯಲ್ಲಿ ಕೂತು ಅಂದಳು:

"ನಾನು ಅವತ್ತೇ ಅನ್ಕೊಂಡೆ, ಏನೋ ಇದೆ ಇವಳಿಗೆ ಅಂತ."

ಪೋಸ್ಟಕ್ಕ ಎದ್ದು ಕೂತಳು. ಎಲ್ಲಿತ್ತೋ ಅಷ್ಟು ಶಕ್ತಿ.

"ಅನ್ಕೊಳ್ಳಲಿಲ್ಲ! ನೀನು ನನ್ನ ಹಾಸಿಗೆ ಕೆಳಗೆ ಹುಡುಕಿದೆ. ನನ್ನ ಚೀಲದಲ್ಲಿ ಹುಡುಕಿದೆ. ಡಾಕ್ಟರು ಅಂದ್ರೆ ಅನ್ನಲಿ, ಉಗ್ರಾಣದವನು ಅಂದ್ರೆ ಅನ್ನಲಿ, ಅವರು ನನಗೇನಾಗ್ಬೇಕು? ನೀನು ನೋಡಿದ್ದೆ. ಹದಿನಾಲ್ಕು ದಿನ ನೀನೇ ಬಡಿಸಿದ್ದೆ. ನಿನ್ನ ಕಣ್ಣನ್ನೇ ನೀನು ನಂಬಲಿಲ್ಲ!"

"ಲೆಕ್ಕ ಕೂಡಲಿಲ್ಲ ಕಣೆ..."

"ಲೆಕ್ಕ ಕೂಡದಿದ್ರೆ ಕ್ಲಾಸಲ್ಲಿ ಮಕ್ಕಳನ್ನ ಕಳ್ಳರು ಅಂತೀಯಾ?"

ಅಕ್ಕ ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. "ಇಲ್ಲ," ಎಂದಳು. "ಇನ್ನೊಂದ್ಸಲ ಮಾಡಿ ಅಂತೀನಿ."

"ನನಗೆ ಹಾಗೆ ಅನ್ನಲಿಲ್ಲ."

"ಅನ್ನಲಿಲ್ಲ."

ಅಕ್ಕನಿಗೆ ತಪ್ಪಾಯ್ತು ಅನ್ನುವ ಮಾತು ಬಾಯಿಗೆ ಬರುವುದಿಲ್ಲ, ಹುಟ್ಟಿದಾಗಿನಿಂದ ಬಂದಿಲ್ಲ. ಅವಳು ಗೋಡೆ ನೋಡುತ್ತ ಹೇಳಿದಳು, "ನಿನ್ನ ಮೈಗೆ ಏನೋ ದೊಡ್ಡದು ಬಂದಿದೆ ಅಂತ ಯೋಚನೆ ಬಂದ್ರೆ ನನಗೆ ಕೈಕಾಲೇ ಆಡ್ತಿರಲಿಲ್ಲ. ಕದ್ದು ತಿಂತಿದಾಳೆ ಅನ್ಕೊಂಡ್ರೆ... ಬೈದು ಸರಿ ಮಾಡಬಹುದಿತ್ತು."

ಅದು ಕ್ಷಮೆಯೋ ಸಬೂಬೋ ಪೋಸ್ಟಕ್ಕನಿಗೆ ತಿಳಿಯಲಿಲ್ಲ. ಸಿಟ್ಟೂ ಇಳಿಯಲಿಲ್ಲ. ಆದರೆ ಕೂತಲ್ಲೇ ತಲೆ ಸುತ್ತಿ ಬಂದಾಗ ಅಕ್ಕನ ಭುಜಕ್ಕೇ ಒರಗಬೇಕಾಯಿತು. ಬೇರೆ ಯಾರೂ ಹತ್ತಿರ ಇರಲಿಲ್ಲ. ಅಕ್ಕ ಹತ್ತು ದಿನ ಇದ್ದಳು. ಹತ್ತು ದಿನವೂ ಇಬ್ಬರೂ ಒಂದಲ್ಲ ಒಂದಕ್ಕೆ ಕಿತ್ತಾಡಿದರು.

ವರ್ಷ ಕಳೆಯುವಷ್ಟರಲ್ಲಿ ತೂಕ ಅರವತ್ತೆಂಟಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಇಳಿಯಲು ಒಪ್ಪಲಿಲ್ಲ. ಮುಖ ಮೊದಲಿನ ಆಕಾರಕ್ಕೆ ಮರಳಿತು, ತೊಡೆಗೆ ಬಲ ಬಂತು, ಹೊಟ್ಟೆಯ ಗೆರೆಗಳು ಮಾಸಿದವೇ ಹೊರತು ಅಳಿಯಲಿಲ್ಲ. ಮಾತ್ರೆ ನಿಂತಿತು. ಬೀಟು ಮತ್ತೆ ಕೊಡಿ ಎಂದು ಮೂರು ಅರ್ಜಿ ಬರೆದ ಮೇಲೆ ಪೋಸ್ಟ್‌ಮಾಸ್ಟರು ಕೊಟ್ಟರು. ಅವಳದಲ್ಲ, ಬೇರೆಯದು, ಊರಿನ ಇನ್ನೊಂದು ಕೊನೆ. ಹಳೆಯದಕ್ಕೆ ಆಗಲೇ ಬೇರೆಯವರು ಬಂದಿದ್ದರು.

ಹೊಸ ಬೀಟಿನ ಎರಡನೆಯ ತಿಂಗಳಲ್ಲಿ, ಹಿಂದೆ ಅವಳನ್ನು ಕೌಂಟರಿನಲ್ಲಿ ಕಂಡಿದ್ದ ಒಬ್ಬ ಹೆಂಗಸು ರಿಜಿಸ್ಟರಿಗೆ ಸಹಿ ಹಾಕಲು ಬಂದವಳು ಅವಳನ್ನು ಮೇಲಿಂದ ಕೆಳಗೆ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಅಬ್ಬಾ, ಎಷ್ಟು ಇಳಿಸಿಬಿಟ್ರಿ! ಏನು ಮಾಡಿದ್ರಿ, ನಮಗೂ ಹೇಳಿ."

"ಆಪರೇಷನ್ ಆಯ್ತು. ಒಂದು ಗ್ರಂಥಿ ಕೆಟ್ಟಿತ್ತು, ಹಾರ್ಮೋನು ಜಾಸ್ತಿ ಆಗಿ ಹಾಗಾಗಿತ್ತು."

ಹೆಂಗಸು ಕಣ್ಣು ಮಿಟುಕಿಸಿ ನಕ್ಕಳು. "ಆಯ್ತು ಬಿಡಿ, ಗುಟ್ಟು ಹೇಳೋಕೆ ಇಷ್ಟ ಇಲ್ಲ ಅಂತ ಗೊತ್ತಾಯ್ತು. ಬಾಯಿ ಕಟ್ಟಿದೀರಿ, ಅಷ್ಟೇ ತಾನೆ?"

ಪೋಸ್ಟಕ್ಕ ಬಾಯಿ ತೆರೆದಳು. ಕಾರ್ಟಿಸಾಲಿನಿಂದ ಶುರು ಮಾಡಿ ಕ್ಯಾನಿನವರೆಗೆ ಎಲ್ಲವನ್ನೂ ಹೇಳಿಬಿಡಬೇಕು ಎನ್ನಿಸಿತು. ಚೀಲದಲ್ಲಿ ಇನ್ನೂ ಹನ್ನೊಂದು ರಿಜಿಸ್ಟರ್ ಇದ್ದವು, ಬಿಸಿಲು ಏರುತ್ತಿತ್ತು. ಪೆನ್ನನ್ನು ಅವಳ ಕೈಗೆ ತುರುಕಿದಳು.

"ಇಲ್ಲಿ ಸಹಿ ಹಾಕಿ," ಎಂದಳು. "ಇಲ್ಲಲ್ಲ, ಅದರ ಕೆಳಗೆ."